ಒಳಗೆ ಯಾವ ದೇವರು?

ಅಣ್ಣನ ಮಗಳು ಟೋಕಿಯೋದಲ್ಲಿದ್ದಾಳೆ ಎಂದು ಈ ಅಂಕಣದಲ್ಲಿ ಒಮ್ಮೆ ಬಾಯಿತಪ್ಪಿ ಬರೆದುಬಿಟ್ಟೆ. ಅಂದಿನಿಂದ ಓದುಗರ ಒಂದೇ ಪ್ರಶ್ನೆ ನಾನಾ ವೇಷ ಹಾಕಿಕೊಂಡು ಬರುತ್ತಿದೆ. ಶಿಂಟೋ ಗುಡಿಯ ಒಳಗೆ ಯಾವ ದೇವರಿದೆ? ವಿಗ್ರಹ ಉಂಟೋ ಇಲ್ಲವೋ? ನಮ್ಮ ದೇವತೆಗಳೇ ಅಲ್ಲಿ ಬೇರೆ ಹೆಸರಿನಲ್ಲಿ ಕೂತಿದ್ದಾರಂತಲ್ಲ, ನಿಜವೇ? ಕಳೆದ ನವೆಂಬರಿನಲ್ಲಿ ಅವಳ ಮನೆಗೆ ಹೋದಾಗ ಇದಕ್ಕೆಂದೇ ಒಂದು ಇಡೀ ದಿನ ಎತ್ತಿಟ್ಟೆ. ಕ್ಯೋಟೋದ ಪ್ರಸಿದ್ಧ ಗುಡಿಗಳನ್ನು ಬಿಟ್ಟು ಟೋಕಿಯೋದ ನೆಜು ಎಂಬ ಹಳೆಯ ಕೇರಿಯ ಗುಡಿಯನ್ನು ಆರಿಸಿಕೊಂಡದ್ದರಲ್ಲಿ ದೊಡ್ಡ ಯೋಚನೆಯೇನೂ ಇರಲಿಲ್ಲ. ಮಂಡಿನೋವಿನ ಈ ಅತ್ತೆಯನ್ನು ಅವಳು ಕರೆದುಕೊಂಡು ಹೋಗಿ ಸಂಜೆಗೆ ಮನೆ ಸೇರಬಹುದಾದ ದೂರ ಅದು, ಅಷ್ಟೆ.

ಅವಳಿರುವುದು ನಿಶಿ-ಕಸಾಯ್‌ನಲ್ಲಿ. ಟೋಕಿಯೋದಲ್ಲಿ ನಮ್ಮವರು ಹೆಚ್ಚಾಗಿ ನೆಲೆಸಿರುವ ಪ್ರದೇಶವದು. ತೊಗರಿಬೇಳೆಗೂ ಹುಣಸೆಹಣ್ಣಿಗೂ ಪರದಾಡಬೇಕಿಲ್ಲ. ಅಲ್ಲಿಂದ ಓತೆಮಾಚಿಗೆ ಹೋಗಿ ಚಿಯೋದಾ ಮಾರ್ಗದ ರೈಲು ಹಿಡಿದರೆ ಮೂರನೆಯ ನಿಲ್ದಾಣವೇ ನೆಜು. ಮೇಲೆ ಬಂದು ನೋಡಿದರೆ ಟೋಕಿಯೋ ಎಂದಾಗ ಕಣ್ಣಿಗೆ ಕಟ್ಟುವ ಗಗನಚುಂಬಿಗಳ ಕಾಟ ಇಲ್ಲಿಲ್ಲ. ಎರಡಂತಸ್ತಿನ ಮನೆಗಳು, ಬಾಗಿಲಲ್ಲಿ ಹೂಕುಂಡಗಳ ಸಾಲು, ಒಣಹಾಕಿದ ಹಾಸಿಗೆ. ಹತ್ತು ನಿಮಿಷ ನಡೆಯುವುದರೊಳಗೆ ಗುಡಿಯ ಹೆಬ್ಬಾಗಿಲು ಬಂತು. ಎರಡು ಕಂಬ, ಮೇಲೆ ಎರಡು ಅಡ್ಡಪಟ್ಟಿ. ಬಾಗಿಲೂ ಇಲ್ಲ, ಚಿಲಕವೂ ಇಲ್ಲ. ಇದೇ ತೋರಿ. ತೋರಿ ಕಂಡರೆ ಅದು ಶಿಂಟೋ ಗುಡಿ, ಜಪಾನಿಯಲ್ಲಿ ಜಿಂಜಾ. ಬೌದ್ಧರದ್ದು ತೆರಾ. ಪ್ರವಾಸಿಗಳಿಗೆ ಗುರುತು ಹಿಡಿಯಲು ಇಷ್ಟು ಸಾಕು.

ಒಳಗೆ ಕಾಲಿಡುತ್ತಲೇ ನನ್ನ ಮೊದಲ ತಪ್ಪು. "ಅತ್ತೆ, ಮಧ್ಯದಲ್ಲಿ ನಡೀಬೇಡಿ. ಅದು ದೇವರು ಓಡಾಡೋ ದಾರಿ," ಎಂದು ತೋಳು ಹಿಡಿದು ಬದಿಗೆಳೆದಳು. ಮುಂದೆ ಕಲ್ಲಿನ ತೊಟ್ಟಿ. ಸೌಟಿನಲ್ಲಿ ನೀರು ತೆಗೆದು ಮೊದಲು ಎಡಗೈ, ಆಮೇಲೆ ಬಲಗೈ ತೊಳೆಯಬೇಕು. ಅಂಗೈಯಲ್ಲಿ ನೀರು ಹಿಡಿದು ಬಾಯಿ ಮುಕ್ಕಳಿಸಿ, ಮತ್ತೆ ಎಡಗೈ ತೊಳೆಯಬೇಕು. ಸೌಟನ್ನು ಬಾಯಿಗೆ ತಾಗಿಸುವಂತಿಲ್ಲ. ಎಂಜಲು-ಮುಸುರೆಯ ಮನೆಯಲ್ಲಿ ಬೆಳೆದ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ಗುಡಿಯ ಎದುರು ನಿಂತು ಕಾಣಿಕೆ ಪೆಟ್ಟಿಗೆಗೆ ಐದು ಯೆನ್ನಿನ ನಾಣ್ಯ ಹಾಕಿದೆವು. ಐದು ಯೆನ್‌ಗೆ ಜಪಾನಿಯಲ್ಲಿ ಗೊ-ಎನ್. ಋಣಾನುಬಂಧಕ್ಕೂ ಅದೇ ಉಚ್ಚಾರ. ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಕೈಮುಗಿದು ಬೇಡಿಕೊಂಡು, ಕೊನೆಗೊಂದು ಸಲ ಬಗ್ಗಿದರೆ ಪೂಜೆ ಮುಗಿಯಿತು. ಮಂತ್ರವಿಲ್ಲ, ಮಂಗಳಾರತಿಯಿಲ್ಲ. ಪ್ರಸಾದಕ್ಕೆ ತಾನಾಗಿ ಮುಂದೆ ಬಂದ ಕೈ ಪೆಚ್ಚಾಗಿ ಹಿಂದೆ ಸರಿಯಿತು.

ಕತ್ತು ಉದ್ದ ಮಾಡಿ ಒಳಗೆ ಇಣುಕಿದೆ. ನಸುಗತ್ತಲೆ, ಬೆಳಗುವ ಹಿತ್ತಾಳೆ, ಮಡಚಿದ ಬಿಳಿ ಕಾಗದದ ಮಾಲೆಗಳು. ಅದರಾಚೆಗೆ ಏನೂ ಕಾಣದು. ಸಾಮಾನ್ಯವಾಗಿ ಶಿಂಟೋ ಗುಡಿಯಲ್ಲಿ ದರ್ಶನಕ್ಕೆಂದು ಕೂರಿಸಿದ ಮೂರ್ತಿ ಇರುವುದಿಲ್ಲ. ಗರ್ಭಗುಡಿಯಲ್ಲಿ ಇರುವುದು ದೇವರು ಬಂದು ನೆಲೆಸುವ ಒಂದು ವಸ್ತು: ಕನ್ನಡಿಯೋ ಕತ್ತಿಯೋ ಕಲ್ಲೋ. ಅದನ್ನೂ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮುಚ್ಚಿರುತ್ತಾರೆ. ಅದನ್ನು ಯಾರಿಗೂ ತೋರಿಸುವುದಿಲ್ಲ. ಕೆಲವು ಗುಡಿಗಳಿಗಂತೂ ಗರ್ಭಗುಡಿಯೇ ಇಲ್ಲ, ಹಿಂದಿನ ಬೆಟ್ಟವೇ ದೇವರು. ನಾವು ದೇವರನ್ನು ಕಣ್ತುಂಬ ನೋಡಲೆಂದೇ ಗುಡಿಗೆ ಹೋಗುವವರು, ತೆರೆ ಸರಿಯುವ ತನಕ ತುದಿಗಾಲಲ್ಲಿ ನಿಂತಿರುವವರು. ಇವರು ದೇವರನ್ನು ನೋಡಲು ಬರುವವರಲ್ಲ, ಬಂದಿದ್ದೇವೆ ಎಂದು ಹೇಳಿಹೋಗಲು ಬರುವವರು. ಚಪ್ಪಾಳೆ ಅದಕ್ಕೇ ಇರಬೇಕು ಎಂದು ನನಗೆ ಅನ್ನಿಸಿತು.

ಹೆಸರುಗಳೇನೋ ಇವೆ. ನೆಜುವಿನ ಮುಖ್ಯ ದೇವರುಗಳು ಮೂವರು: ಬಿರುಗಾಳಿಯ ಪುಂಡ ಸುಸಾನೊಒ, ಬೆಟ್ಟದ ದೇವರು ಓಯಾಮಾಕುಯಿ, ಹಳೆಯ ಚಕ್ರವರ್ತಿಯೊಬ್ಬ ದೈವವಾದ ಹೋಮುದವಾಕೆ. ಜೊತೆಗೆ ವಿದ್ಯೆಯ ದೇವರಾಗಿ ಪೂಜೆಗೊಳ್ಳುವ ಸುಗಾವರ ನೊ ಮಿಚಿಜಾನೆ. ಈತ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ವಿದ್ವಾಂಸ, ಆಸ್ಥಾನದ ಅಧಿಕಾರಿ. ಇಷ್ಟನ್ನೂ ನಾನು ಮನೆಯಲ್ಲೇ ಓದಿಕೊಂಡು ಹೋಗಿದ್ದೆ. ಗುಡಿಗೆ ಬಂದ ಒಬ್ಬ ನಡುವಯಸ್ಸಿನ ಹೆಂಗಸಿನ ಹತ್ತಿರ, "ಇಲ್ಲಿ ಯಾವ ದೇವರು?" ಎಂದು ಅಣ್ಣನ ಮಗಳ ಬಾಯಿಂದ ಕೇಳಿಸಿದೆ. ಆಕೆ ತುಸು ಯೋಚಿಸಿ, ನಾಚಿ ನಕ್ಕು, ಹೇಳಿದ್ದು ಇಷ್ಟು: ಸರಿಯಾಗಿ ಗೊತ್ತಿಲ್ಲ, ನಮ್ಮ ಕೇರಿಯ ದೇವರು.

ಅಲ್ಲಿಗೆ ನನ್ನ ಪ್ರಶ್ನೆಯೇ ಓರೆಯಾಗಿದೆಯೇನೋ ಎಂಬ ಅನುಮಾನ ಶುರುವಾಯಿತು. ಕೇಳಬೇಕಾದ್ದು ಯಾವ ದೇವರು ಅಂತಲ್ಲ, ಯಾರ ದೇವರು ಅಂತ.

ನವೆಂಬರ್ 15ರ ಆಸುಪಾಸಿನಲ್ಲಿ ಮೂರು, ಐದು, ಏಳು ವರ್ಷದ ಮಕ್ಕಳಿಗೆ ಕಿಮೊನೊ ಉಡಿಸಿ ಗುಡಿಗೆ ಕರೆತರುತ್ತಾರೆ. ಶಿಚಿ-ಗೊ-ಸಾನ್ ಎಂದರೆ ಏಳು-ಐದು-ಮೂರು. ನಾವು ಹೋದ ದಿನ ಅಂಗಳದ ತುಂಬ ಇಂಥ ಮಕ್ಕಳೇ. ತಮ್ಮಷ್ಟೇ ಉದ್ದದ ಚೀಲದಲ್ಲಿ ಸಾವಿರ ವರ್ಷದ ಮಿಠಾಯಿ ಹಿಡಿದುಕೊಂಡು, ಮರದ ಪಾದರಕ್ಷೆಯಲ್ಲಿ ಎಡವುತ್ತ, ಫೋಟೋಗೆ ನಿಲ್ಲಲಾರೆ ಎಂದು ಹಟ ಮಾಡುತ್ತ ಇದ್ದವು. ಇವುಗಳ ನಡುವೆ ಒಂದು ಕುಟುಂಬ ಎಳೆಗೂಸನ್ನು ತಂದಿತ್ತು. ಅಜ್ಜಿ ಮಗುವನ್ನು ಎತ್ತಿಕೊಂಡಿದ್ದಾರೆ. ಮಗುವಿನ ಮೇಲೆ ಹೊದಿಸಿದ ಬಣ್ಣದ ಕಿಮೊನೊದ ದಾರ ಅಜ್ಜಿಯ ಕುತ್ತಿಗೆಯ ಹಿಂದೆ ಗಂಟುಬಿದ್ದಿದೆ. ಬಾಣಂತಿ ಪಕ್ಕದಲ್ಲಿ ಸುಮ್ಮನೆ ನಿಂತಿದ್ದಾಳೆ. ಹುಟ್ಟಿ ಒಂದು ತಿಂಗಳಾದ ಮೇಲೆ ಮಗುವನ್ನು ಆ ಸ್ಥಳದ ದೇವರಿಗೆ ತೋರಿಸುವ ಪದ್ಧತಿ ಇದು. ಹುಟ್ಟಿದ ನೆಲವನ್ನು ಕಾಯುವ ದೇವರಿಗೆ ಉಬುಸುನಗಾಮಿ ಎಂಬ ಹೆಸರೇ ಇದೆ. ಆ ದೇವರ ವ್ಯಾಪ್ತಿಯೊಳಗೆ ಬಾಳುವವರು ಅದರ ಉಜಿಕೊ, ಎಂದರೆ ದೇವರ ಮಕ್ಕಳು. ಮಗು ಯಾವ ತತ್ತ್ವವನ್ನೂ ಒಪ್ಪಿಕೊಳ್ಳಬೇಕಿಲ್ಲ, ದೀಕ್ಷೆ ತೆಗೆದುಕೊಳ್ಳಬೇಕಿಲ್ಲ. ಇಲ್ಲಿ ಹುಟ್ಟಿತು, ಇಲ್ಲಿಯದಾಯಿತು.

ಈ ಗುಡಿ ಇಲ್ಲಿರುವುದಕ್ಕೆ ಕಾರಣವೂ ಒಂದು ಮಗುವಿನ ಹುಟ್ಟೇ. 1662ರಲ್ಲಿ ಇದು ಕೋಫು ಎಂಬ ಪ್ರಾಂತ್ಯದ ಒಡೆಯನ ಎದೋ ಬಂಗಲೆಯ ಜಾಗ. ಟೋಕಿಯೋಗೆ ಆಗ ಎದೋ ಎಂದು ಹೆಸರು. ಆ ಬಂಗಲೆಯಲ್ಲಿ ಹುಟ್ಟಿದ ಹುಡುಗನನ್ನು, ಗಂಡುಮಕ್ಕಳಿಲ್ಲದ ಐದನೆಯ ಶೋಗುನ್ (ಎಂದರೆ ದೇಶ ಆಳುವ ಸೇನಾಧಿಪತಿ) ತ್ಸುನಯೋಶಿ ಮುಂದೆ ಉತ್ತರಾಧಿಕಾರಿಯಾಗಿ ದತ್ತು ತೆಗೆದುಕೊಂಡ. (ನಾಯಿಗಳನ್ನು ಹಿಂಸಿಸಿದವರಿಗೆ ಶಿಕ್ಷೆ ಕೊಟ್ಟು 'ನಾಯಿ ಶೋಗುನ್' ಎಂದು ಅಡ್ಡಹೆಸರು ಪಡೆದವನೇ ಈತ.) ಹುಡುಗನ ಹುಟ್ಟೂರ ದೇವರು ನೆಜುವಿನ ದೇವರು. ಆಗ ಆ ಗುಡಿ ಹತ್ತಿರದ ಸೆಂದಗಿಯಲ್ಲಿತ್ತು. ತ್ಸುನಯೋಶಿ ಬಂಗಲೆಯ ಜಾಗವನ್ನೇ ದೇವರಿಗೆ ಕೊಟ್ಟು, 1706ರಲ್ಲಿ ಹೊಸ ಗುಡಿ ಕಟ್ಟಿಸಿದ. ಗರ್ಭಗುಡಿ, ನಡುಮಂಟಪ, ಪ್ರಾರ್ಥನಾ ಮಂಟಪ ಮೂರನ್ನೂ ಒಂದೇ ಸೂರಿನಡಿ ಬೆಸೆದ ಗೊಂಗೆನ್ ಶೈಲಿ. ಮಹಾದ್ವಾರ, ಒಳಬಾಗಿಲು, ಜಾಲಂದ್ರದ ಬೇಲಿ ಸಹಿತ ಆ ಕಾಲದ ಏಳೂ ಕಟ್ಟಡಗಳು ಈಗಲೂ ಒಟ್ಟಿಗೇ ನಿಂತಿವೆ. ಮತ್ತೆ ಮತ್ತೆ ಸುಟ್ಟು, ಕುಸಿದು, ಮತ್ತೆ ಮತ್ತೆ ಕಟ್ಟಿದ ಈ ಶಹರದಲ್ಲಿ ಇದು ಸಣ್ಣ ಸಂಗತಿಯಲ್ಲ. ಬಣ್ಣಬಣ್ಣದ ಕೆತ್ತನೆಯ ಮಹಾದ್ವಾರದ ಎದುರು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು, ನಾವೂ ತೆಗೆಸಿಕೊಂಡೆವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಅದಲ್ಲ. ಮರದ ನೆರಳಲ್ಲಿ ಒಂದಷ್ಟು ಕಾಡುಗಲ್ಲುಗಳ ಗುಪ್ಪೆ, ಪಕ್ಕದಲ್ಲೊಂದು ಫಲಕ. ಅದು ಆ ಹುಡುಗನ ಮಾಸು ಹೂತ ಜಾಗ. ಮುಂದೆ 1709ರಿಂದ ಆರನೆಯ ಶೋಗುನ್ ಇಯೆನೊಬು ಎಂದು ದೇಶ ಆಳಿದವನದು. ನಮ್ಮ ಹಿತ್ತಲಿನಲ್ಲಿ ಬಾಣಂತಿಕೋಣೆಯ ಹಿಂದೆ ಸೂಲಗಿತ್ತಿ ಗುಂಡಿ ತೋಡಿ ಮಾಸು ಹೂತು, ನಾಯಿ ಕೆದರದಂತೆ ಕಲ್ಲು ಹೇರುತ್ತಿದ್ದುದನ್ನು ಅಜ್ಜಿ ಹೇಳುತ್ತಿದ್ದರು. ಇಲ್ಲಿಯೂ ಅದೇ ಕಲ್ಲು, ಅದೇ ಗುಂಡಿ. ಮುಂದೆ ಶೋಗುನ್ ಆಗುವವನಾದರೂ ಹುಟ್ಟಿದ ಮಣ್ಣಿನ ದೇವರಿಗೆ ಸೇರಿದವನು. ಬೇರೆ ಹೆಚ್ಚಿನ ದೇವರನ್ನು ಅವನಿಗಾಗಿ ಯಾರೂ ಹುಡುಕಲಿಲ್ಲ.

ನಮ್ಮ ದೇವತೆಗಳ ವಿಷಯಕ್ಕೆ ಬರುತ್ತೇನೆ. ಬಾರದಿದ್ದರೆ ಪತ್ರಗಳು ನಿಲ್ಲುವುದಿಲ್ಲ. ಗುಡಿಗಳ ಮುಂದೆ ಕಾವಲು ಕೂತ ಜೋಡಿ ಸಿಂಹನಾಯಿಗಳಲ್ಲಿ ಒಂದರ ಬಾಯಿ ತೆರೆದಿರುತ್ತದೆ, ಇನ್ನೊಂದರದ್ದು ಮುಚ್ಚಿರುತ್ತದೆ. ತೆರೆದದ್ದು 'ಅ', ಮುಚ್ಚಿದ್ದು 'ಉನ್'. ಸಂಸ್ಕೃತದ ಮೊದಲಕ್ಷರದಿಂದ ಕೊನೆಯ ನಾದದವರೆಗೆ ಎಂಬ ಕಲ್ಪನೆ ಬೌದ್ಧರ ಕೈಹಿಡಿದು ಚೀನಾ, ಕೊರಿಯಾ ದಾಟಿ ಇಲ್ಲಿಗೆ ಬಂತು. ನೆಜುವಿನಿಂದ ನಡೆದು ಹೋಗಬಹುದಾದ ದೂರದಲ್ಲಿ ಉಎನೊದ ಶಿನೊಬಾಜು ಕೆರೆ ಇದೆ; ಅದರ ನಡುಗಡ್ಡೆಯಲ್ಲಿ ಬೆಂಜೈತೆನ್. ಅವಳು ನಮ್ಮ ಸರಸ್ವತಿಯೇ, ಕೈಯಲ್ಲಿ ಸಾಮಾನ್ಯವಾಗಿ ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ. ನರಿಗಳನ್ನು ಜೊತೆಗಿಟ್ಟುಕೊಂಡ ಫಸಲಿನ ದೇವರು ಇನಾರಿಯನ್ನು ನಮ್ಮ ಡಾಕಿನಿಯ ಜೊತೆ ಬೆರೆಸಿದವರೂ ಇದ್ದರು. ಹಾಗಾಗಿ ನೆಂಟಸ್ತಿಕೆ ನಿಜ. ಆದರೆ ಅದನ್ನು ಹಿಡಿದುಕೊಂಡು 'ಎಲ್ಲ ನಮ್ಮದೇ' ಎಂದು ಮೀಸೆ ತಿರುವುವುದು ನನಗೆ ಸರಿಕಾಣದು. ಸಾವಿರ ವರ್ಷ ಬೇರೊಬ್ಬರ ಅಡುಗೆಮನೆಯಲ್ಲಿ ಬೆಂದ ಮೇಲೆ ಅಕ್ಕಿ ನಮ್ಮ ಗದ್ದೆಯದು ಎಂದು ಅನ್ನದ ಲೆಕ್ಕ ಕೇಳಲಾದೀತೇ?

ಬೆರೆಸಿದ್ದು ಮಾತ್ರವಲ್ಲ, ಬಿಡಿಸಿದ್ದೂ ಉಂಟು. ಬುದ್ಧ, ಬೋಧಿಸತ್ವರೇ ಸ್ಥಳೀಯ ದೇವರುಗಳ ರೂಪದಲ್ಲಿ ಕಾಣಿಸಿಕೊಳ್ಳುತ್ತಾರೆ ಎಂಬ ನಂಬಿಕೆ ಶತಮಾನಗಳ ಕಾಲ ಇತ್ತು. ಹಾಗೆ ಕಾಣಿಸಿಕೊಂಡವರಿಗೆ ಗೊಂಗೆನ್ ಎಂದು ಹೆಸರು, ನಮ್ಮ ಅವತಾರಕ್ಕೆ ಹತ್ತಿರದ ಮಾತು. ಈ ಗುಡಿಯೂ ನೆಜು ಗೊಂಗೆನ್ ಎಂದೇ ಖ್ಯಾತವಾಗಿತ್ತು. 1868ರಲ್ಲಿ ಮೇಜಿ ಸರ್ಕಾರ ಬಂದದ್ದೇ ದೇವರು ಬೇರೆ, ಬುದ್ಧ ಬೇರೆ ಎಂದು ಆಜ್ಞೆ ಹೊರಡಿಸಿತು. ಬೋರ್ಡು ಬದಲಾಗಿ ನೆಜು ಜಿಂಜಾ ಆಯಿತು. ಅಲ್ಲಿಂದ 1945ರವರೆಗೆ ಗುಡಿಗಳು ಸರ್ಕಾರದ ಅಂಗಗಳಂತಾದವು. ಕೇರಿಯ ದೇವರಿಗೆ ಚಕ್ರವರ್ತಿಯ, ದೇಶದ, ಕೊನೆಗೆ ಯುದ್ಧದ ಕೆಲಸ ಅಂಟಿತು. ಯಾರ ದೇವರು ಎಂಬ ಪ್ರಶ್ನೆಗೆ ಸರ್ಕಾರ 'ನನ್ನದು' ಎಂದ ಕಾಲ ಅದು. ಅದರದ್ದೊಂದು ತುಣುಕು ಅಂಗಳದಲ್ಲೇ ಸಿಕ್ಕಿತು. ಸೆಂದಗಿಯಲ್ಲಿ ಮನೆ ಮಾಡಿದ್ದ ಲೇಖಕ ಮೋರಿ ಓಗಾಯ್ ಸೇನೆಯಲ್ಲಿ ವೈದ್ಯನೂ ಆಗಿದ್ದ. ರಷ್ಯಾದ ಮೇಲಿನ ಯುದ್ಧ ಗೆದ್ದ ಮೇಲೆ, 1906ರಲ್ಲಿ ಆತ ಮತ್ತು ಒಬ್ಬ ಸೇನಾನಿ ಸೇರಿ ಶತ್ರುವಿನಿಂದ ಗೆದ್ದುತಂದ ಫಿರಂಗಿ ಗುಂಡನ್ನು ಕಲ್ಲುಪೀಠದ ಸಹಿತ ಗುಡಿಗೆ ಒಪ್ಪಿಸಿದರು. ಗುಂಡು ಈಗಿಲ್ಲ. ಪೀಠಕ್ಕೆ ನಲ್ಲಿ ಕೂರಿಸಿದ್ದಾರೆ. ಮಿಠಾಯಿ ಅಂಟಿಸಿಕೊಂಡ ಹುಡುಗನೊಬ್ಬ ಅದರಲ್ಲಿ ನೀರು ಕುಡಿಯುತ್ತಿದ್ದ.

ಗುಡಿಯ ಎಡಕ್ಕೆ ದಿಣ್ಣೆಯ ಮೇಲೆ ಓತೊಮೆ ಇನಾರಿಯ ಪುಟ್ಟ ಗುಡಿ. ಅಲ್ಲಿಗೆ ಹೋಗಲು ಕೆಂಪು ತೋರಿಗಳ ಸುರಂಗ, ಒಂದಕ್ಕೊಂದು ಅಂಟಿ ನಿಂತ ನೂರಾರು ಕಮಾನುಗಳು. ಎತ್ತರದವರು ತುಸು ಬಗ್ಗಬೇಕು. ದಾಟಿಹೋಗಿ ಹಿಂತಿರುಗಿ ನೋಡಿದರೆ ಕಂಬಗಳ ಹಿಂಬದಿಯಲ್ಲಿ ಕಪ್ಪಕ್ಷರ. "ಏನು ಮಂತ್ರವೇ?" ಎಂದೆ. "ಮಂತ್ರ ಎಲ್ಲಿಂದ ಬಂತು, ದುಡ್ಡು ಕೊಟ್ಟವರ ಹೆಸರು ಅತ್ತೆ," ಎಂದಳು. ಟ್ಯೂಬ್‌ಲೈಟಿನ ಪಟ್ಟಿಯ ಮೇಲೂ ಸೇವಾಕರ್ತರ ಹೆಸರು ಬರೆಸುವ ಊರಿನಿಂದ ಬಂದವಳಿಗೆ ಎದೆ ತಂಪಾಯಿತು. ಇಳಿಜಾರಿನಲ್ಲಿ ಅಜೇಲಿಯಾ ಗಿಡಗಳು, ಸುಮಾರು 3,000. ಏಪ್ರಿಲ್‌ನಲ್ಲಿ ಇವು ಹೂಬಿಟ್ಟಾಗ ಜನಜಾತ್ರೆಯಂತೆ. ನವೆಂಬರಿನಲ್ಲಿ ಬರೀ ಹಸಿರು ಉಂಡೆಗಳು. ಹೂವಿಗೆಂದು ಹೋಗುವವರು ಏಪ್ರಿಲ್‌ನಲ್ಲಿ ಹೋಗಿ, ಗುಡಿಗೆಂದು ಹೋಗುವವರು ಏಪ್ರಿಲ್ ಬಿಟ್ಟು ಹೋಗಿ.

ಊಟದ ಹೊತ್ತಿಗೆ ಕೇರಿಗೆ ಇಳಿದೆವು. ಗುಡಿಯ ಬಾಗಿಲಲ್ಲೇ ಬೆಳೆದ ಕೇರಿ ಇದು, ಬೆಳೆದದ್ದು ಬರೀ ಭಕ್ತಿಯಿಂದಲ್ಲ. ಗುಡಿಗೆ ಬರುವ ಜನ, ಅವರಿಗೆ ಚಹಾದಂಗಡಿ, ಚಹಾದಂಗಡಿಯ ಹಿಂದೆ ಸೂಳೆಗೇರಿ. ಪಕ್ಕದ ಗುಡ್ಡದ ಮೇಲೆ ಟೋಕಿಯೋ ವಿಶ್ವವಿದ್ಯಾಲಯ ಬಂದ ಮೇಲೆ, ವಿದ್ಯಾರ್ಥಿಗಳು ಕೆಡುತ್ತಾರೆಂದು 1888ರಲ್ಲಿ ಇಡೀ ಸೂಳೆಗೇರಿಯನ್ನೇ ಎತ್ತಿ ಕಡಲಂಚಿನ ಸುಸಾಕಿಗೆ ಸಾಗಿಸಿದರು. ಅಷ್ಟರಲ್ಲಿ, ಮುಂದೆ ಶೇಕ್ಸ್‌ಪಿಯರನ ಸಮಗ್ರ ನಾಟಕಗಳನ್ನು ಜಪಾನಿಗೆ ತಂದ ತ್ಸುಬೊಉಚಿ ಶೋಯೋ ನೆಜುವಿನ ಒಬ್ಬಳನ್ನು ಪ್ರೀತಿಸಿ ಮದುವೆಯಾಗಿಯೂ ಆಗಿತ್ತು. ಆ ಸೂಳೆಗೇರಿಯ ಜನರ ಬಗ್ಗೆ ಗುಡಿಯ ಯಾವ ಫಲಕವೂ ಹೇಳುವುದಿಲ್ಲ. ಅಲ್ಲಿದ್ದ ಹೆಂಗಸರು ದೂರದ ಹಳ್ಳಿಗಳಿಂದ ಮಾರಾಟವಾಗಿ ಬಂದವರು. ಹುಟ್ಟಿದ ನೆಲದ ದೇವರು ಎಂಬುದು ಅವರಿಗೆ ಎಲ್ಲಿತ್ತೋ.

ಸಸ್ಯಾಹಾರಿಗೆ ಇಲ್ಲಿ ಊಟ ಸುಲಭವಲ್ಲ. ಸಾರಿನ ತಳದಲ್ಲಿ ಒಣಮೀನು ಅಡಗಿರುತ್ತದೆ. ಪ್ಲಮ್ ಉಪ್ಪಿನಕಾಯಿ ಇಟ್ಟ ಅನ್ನದುಂಡೆ ತಿಂದು, ಮೇಲೆ ತಾಯ್‌ಯಾಕಿ ಕೊಂಡೆವು. ನೋಡಲು ಪಕ್ಕಾ ಮೀನು: ಕಣ್ಣು, ರೆಕ್ಕೆ, ಹುರುಪೆ ಎಲ್ಲ. ಕಚ್ಚಿದರೆ ಒಳಗೆ ಕೆಂಪು ಹುರುಳಿಯಂಥ ಕಾಳಿನ ಬಿಸಿಬಿಸಿ ಸಿಹಿಹೂರಣ. ಹಿಟ್ಟಿಗೆ ಮೊಟ್ಟೆ ಹಾಕಿದ್ದೀರಾ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಲ್ಲಿಂದ ಯನಕದ ಕಡೆಗೆ ಹೋಗುವ ಓಣಿಯೊಂದು ಹಾವಿನ ಹಾಗೆ ಅಂಕುಡೊಂಕು. ಹೆಸರೂ ಹಾವಿನ ದಾರಿ. ಕೆಳಗೆ ಐಜೊಮೆ ಎಂಬ ಹೊಳೆಯಿದೆ, ಮುಚ್ಚಿಹಾಕಿ ಮೇಲೆ ರಸ್ತೆ ಮಾಡಿದ್ದಾರೆ. ಹೊಳೆ ಸತ್ತರೂ ಡೊಂಕು ಉಳಿದಿದೆ. ಯನಕ ಬೌದ್ಧ ದೇಗುಲಗಳ ಊರು. 1657ರ ಮಹಾ ಬೆಂಕಿಯ ನಂತರ ನಗರದ ಒಳಗಿನ ದೇಗುಲಗಳು ಇಲ್ಲಿಗೆ ಗುಳೆ ಬಂದವು. ಜನ ಹುಟ್ಟಿಗೆ ಕೆಳಗಿನ ನೆಜುವಿಗೂ ಸಾವಿಗೆ ಮೇಲಿನ ಯನಕಕ್ಕೂ ಹೋಗುತ್ತಾರೆ. ಎರಡಕ್ಕೂ ಜಗಳವಿಲ್ಲ. ಸರ್ಕಾರದ ಅಂಕಿಅಂಶದಲ್ಲಿ ಶಿಂಟೋದವರು 8 ಕೋಟಿಗೂ ಮೇಲೆ, ಬೌದ್ಧರು 7 ಕೋಟಿಗೂ ಮೇಲೆ. ದೇಶದ ಒಟ್ಟು ಜನಸಂಖ್ಯೆಯೇ ಸುಮಾರು ಹನ್ನೆರಡೂವರೆ ಕೋಟಿ. ತಲೆಗಿಂತ ಟೋಪಿ ಹೆಚ್ಚು! ಗುಟ್ಟು ಏನೆಂದರೆ ಗುಡಿಗಳು ಲೆಕ್ಕ ಕೊಡುವಾಗ ತಮ್ಮ ವ್ಯಾಪ್ತಿಯ ನಿವಾಸಿಗಳನ್ನು ಉಜಿಕೊಗಳೆಂದು ಸೇರಿಸಿಕೊಳ್ಳುವುದುಂಟು. ಎಷ್ಟೋ ಜನರಿಗೆ ತಾವು ಲೆಕ್ಕದಲ್ಲಿರುವುದೇ ಗೊತ್ತಿಲ್ಲ, 'ನಿಮ್ಮ ಧರ್ಮ?' ಎಂದು ಕೇಳಿದರೆ 'ಯಾವುದೂ ಇಲ್ಲ' ಅನ್ನುತ್ತಾರೆ. ಆದರೆ ಸೆಪ್ಟೆಂಬರಿನ ಉತ್ಸವದಲ್ಲಿ ಪಲ್ಲಕ್ಕಿಗೆ ಹೆಗಲು ಕೊಡಲು, ಬೆನ್ನ ಮೇಲೆ ಕೇರಿಯ ಹೆಸರು ಬರೆದ ಅಂಗಿ ತೊಟ್ಟು ಬರುವವರು ಇವರೇ.

ಯನಕ, ನೆಜು, ಸೆಂದಗಿ ಮೂರೂ ಸೇರಿ ಯನೆಸೆನ್. (ಸೆಂದಗಿ ಎಂದಾಗಲೆಲ್ಲ ನನಗೆ ವಿಜಯಪುರದ ಸಿಂದಗಿ ಬಸ್ಸು ನೆನಪಾಗಿ ನಗು ಬರುತ್ತಿತ್ತು.) ಈ ಕೂಡುಹೆಸರು ಹಬ್ಬಿದ್ದು 1984ರಿಂದ 2009ರವರೆಗೆ ಇಲ್ಲಿನ ಕೆಲವು ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ನಡೆಸಿದ ಪುಟ್ಟ ಪತ್ರಿಕೆಯಿಂದ. ಲೇಖಕಿ ಮೋರಿ ಮಯುಮಿ ಅವರಲ್ಲೊಬ್ಬರು. ಮನೆಮನೆಯ ಮುದುಕರ ನೆನಪು ಕೇಳಿ ಬರೆದುಕೊಂಡರು. ಹಳೆಯ ಕಟ್ಟಡಗಳನ್ನು ಕೆಡವದಂತೆ ದನಿಯೆತ್ತಿದರು. 1923ರ ಭೂಕಂಪ, 1945ರ ಬಾಂಬುಗಳಿಂದ ಬಹುಪಾಲು ತಪ್ಪಿಸಿಕೊಂಡ ಕೇರಿಯನ್ನು ಆಮೇಲಿನ ಬಿಲ್ಡರುಗಳಿಂದ ಕಾಪಾಡುವುದು ಕಡಿಮೆ ಕಷ್ಟದ ಕೆಲಸವಲ್ಲ. ಒಂದು ಹಳೆಯ ಸ್ನಾನಗೃಹ ಈಗ ಕಲಾ ಗ್ಯಾಲರಿ; 1916ರ ಮರದ ಮನೆಯಲ್ಲಿ ಕಾಫಿ ಹೋಟೆಲು. ಕಾಫಿಗೆ ಸಾಲು ಉದ್ದವಿತ್ತು, ಬಿಟ್ಟೆವು.

ಯುಯಾಕೆ ದಂದಾನ್ ಎಂಬ ಮೆಟ್ಟಿಲುಗಳನ್ನು ತಲುಪುವಾಗ ನಾಲ್ಕೂಕಾಲು. ನವೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮೆಟ್ಟಿಲ ಕೆಳಗೆ ಯನಕ ಗಿಂಜಾದ ಅಂಗಡಿಸಾಲು, ಅದರಾಚೆ ಕಿತ್ತಳೆ ಬಣ್ಣದ ಆಕಾಶ. ಚಹಾಪುಡಿ ಕೊಂಡ ಅಂಗಡಿಯ ಅಜ್ಜಿ ನಮ್ಮನ್ನು ಎಲ್ಲಿಯವರೆಂದು ಕೇಳಿದರು. "ಇಂಡಿಯಾ," ಎಂದೆ. ಅದಲ್ಲ ಎಂಬಂತೆ ಕೈಯಾಡಿಸಿ ಅಣ್ಣನ ಮಗಳತ್ತ ತಿರುಗಿದರು. ಅವಳ ಜಪಾನಿ ಕೇಳಿ, ಇಲ್ಲೇ ಇರುವವಳೆಂದು ತಿಳಿದಿತ್ತು. ನಿಶಿ-ಕಸಾಯ್ ಎಂದಳು. ಓ, ಹಾಗಾದರೆ ನಿಮಗೆ ಯಾವ ಗುಡಿ ಎಂದರು ಅಜ್ಜಿ. ಒಂಬತ್ತು ವರ್ಷದಿಂದ ಅಲ್ಲಿರುವ ಹುಡುಗಿ ನನ್ನ ಮುಖ ನೋಡಿದಳು.

ರೈಲಿನಲ್ಲಿ ಫೋನು ತೆಗೆದು ನಕ್ಷೆ ಹುಡುಕುತ್ತಲೇ ಬಂದಳು. ಮನೆಯಿಂದ ಎರಡು ಬೀದಿಯಾಚೆಗೆ ಬೆರಳು ನಿಂತಿತು. "ಅಯ್ಯೋ ಅತ್ತೆ, ಇದನ್ನ ನಾನು ಪಾರ್ಕ್ ಅಂದ್ಕೊಂಡಿದ್ದೆ. ಇಲ್ಲೇ ಜಾರುಬಂಡೆ ಇರೋದು, ದಿನಾ ಸಂಜೆ ಇವನನ್ನ ಕರ್ಕೊಂಡು ಹೋಗ್ತೀನಲ್ಲ." ಇವನು ಎಂದರೆ ಅವಳ ಮಗ, ನಾಲ್ಕು ವರ್ಷ, ಹುಟ್ಟಿದ್ದು ಅದೇ ನಿಶಿ-ಕಸಾಯ್‌ನಲ್ಲಿ. ಆ ಎಂಟು ಕೋಟಿಯಲ್ಲಿ ನಮ್ಮ ಪೋರನನ್ನೂ ಸೇರಿಸಿಕೊಂಡಿದ್ದಾರೋ ಏನೋ ಎಂದೆ. ಅವಳು ನಗಲಿಲ್ಲ. ಮುಂದಿನ ನವೆಂಬರಿಗೆ ಅವನಿಗೆ ಐದು ತುಂಬುತ್ತದೆ, ಕಿಮೊನೊ ಬಾಡಿಗೆಗೆ ಎಷ್ಟಾಗಬಹುದು ಎಂದು ಅದೇ ಫೋನಿನಲ್ಲಿ ನೋಡತೊಡಗಿದಳು.